ಒಂದೇ ಚಾನಲ್, ಹನ್ನೆರಡು ಬಟನ್

ಹೋದ ದಸರಾ ರಜೆಯಲ್ಲಿ ತುಮಕೂರಿನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಬಿಸ್ಕತ್ ಡಬ್ಬ ಸಿಕ್ಕಿತು. ಅಲ್ಲಾಡಿಸಿದರೆ ಗಡಗಡ ಸದ್ದು. ನಟ್ಟು ಬೋಲ್ಟು ಇರಬೇಕು ಅಂದುಕೊಂಡು ಮುಚ್ಚಳ ತೆಗೆದರೆ ಒಳಗೆ ನಾಲ್ಕು ರಿಮೋಟ್. ಅಪ್ಪ ಏನನ್ನೂ ಬಿಸಾಡಿದವರಲ್ಲ. ಟಿವಿಗಳೆಲ್ಲ ಒಂದೊಂದಾಗಿ ಗುಜರಿಗೆ ಹೋದವು, ಅವುಗಳ ರಿಮೋಟ್ ಮಾತ್ರ ಡಬ್ಬ ಸೇರಿದ್ದವು. ಒಂದಕ್ಕೆ ಹಿಂದಿನ ಮುಚ್ಚಳ ಇರಲಿಲ್ಲ. ಸೆಲ್ ಬೀಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಮುಟ್ಟಿದ ತಕ್ಷಣ ಆ ಬ್ಯಾಂಡ್ ಸೇಮಿಗೆ ಥರ ಪುಡಿಯಾಗಿ ಉದುರಿತು.

ಕೆಲಸ ಅಲ್ಲಿಗೇ ನಿಂತಿತು. ಏಣಿ ಇಳಿದು ನಡುಮನೆಯಲ್ಲಿ ಪೇಪರ್ ಹಾಸಿ ನಾಲ್ಕನ್ನೂ ಸಾಲಾಗಿ ಇಟ್ಟುಕೊಂಡು ಕೂತೆ.

ಡಿಪ್ಲೊಮಾ ಓದುವಾಗ ರಜೆಯಲ್ಲಿ ನಾನೊಂದು ಟಿವಿ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಸಂಬಳ ಇಲ್ಲ, ಎರಡು ಹೊತ್ತು ಟೀ. ಅಲ್ಲಿನ ಯಜಮಾನರಿಗೆ ಒಂದು ಚಟ ಇತ್ತು. ಯಾರಾದರೂ ರಿಮೋಟ್ ತಂದುಕೊಟ್ಟರೆ ಬಟನ್‌ಗಳ ಮೇಲೆ ಹೆಬ್ಬೆರಳು ಆಡಿಸಿ, ಅವರು ಆ ಕಡೆ ಹೋದ ಮೇಲೆ, 'ಈ ಮನೇಲಿ ಹುಡುಗ್ರು ಜಾಸ್ತಿ' ಅಂತಲೋ, 'ಇವರ ಮನೇಲಿ ಒಬ್ರಿಗೆ ಕಿವಿ ಮಂದ' ಅಂತಲೋ ಹೇಳುವರು. ಯಾವ ಬಟನ್ ಮೇಲಿನ ಅಕ್ಷರ ಅಳಿಸಿದೆ, ಯಾವುದು ಇನ್ನೂ ಹೊಸದರ ಥರ ಇದೆ, ಅಷ್ಟೇ ಲೆಕ್ಕ. ಅವತ್ತು ತಮಾಷೆ ಅನಿಸಿತ್ತು. ಈಗ ನಮ್ಮದೇ ಮನೆಯ ರಿಮೋಟ್‌ಗಳ ಮೇಲೆ ಅದನ್ನೇ ಮಾಡುತ್ತಾ ಕೂತಿದ್ದೆ.

ಮೊದಲನೆಯದು 1989ರ ಕಲರ್ ಟಿವಿಯದು. ಉದ್ದಕ್ಕೆ, ಕಪ್ಪಗೆ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುವಂಥದ್ದು. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿದ್ದದ್ದು ಮರದ ಪೆಟ್ಟಿಗೆಯ, ಶಟರ್ ಎಳೆಯುವ ಕಪ್ಪು ಬಿಳುಪು ಟಿವಿ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ನಮ್ಮ ಮನೆಗೆ ಟಿವಿ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ಬೆಂಗಳೂರಿಂದ ಎಪ್ಪತ್ತು ಕಿಲೋಮೀಟರ್ ದೂರ ಅಲ್ವಾ, ಎತ್ತರದ ಪೈಪಿಗೆ ಆಂಟೆನಾ ಕಟ್ಟಿ ಅದರ ಕೃಪೆಯಲ್ಲೇ ಬದುಕಬೇಕಿತ್ತು. ಆ ಟಿವಿಗೊಂದು ತಿರುಗಿಸುವ ಗುಂಡಿ. ಕಟಕ್ ಕಟಕ್ ಅಂತ ಎಲ್ಲಾ ನಂಬರಿಗೂ ತಿರುಗುತ್ತಿತ್ತು. ಚಿತ್ರ ಬರುತ್ತಿದ್ದದ್ದು ಒಂದರಲ್ಲಿ ಮಾತ್ರ. ಆ ಗುಂಡಿ ಮುಟ್ಟಿದರೆ ಬೈಗುಳ.

ಕಲರ್ ಟಿವಿ ಬಂದಾಗ ಅದರ ಜೊತೆ ಹನ್ನೆರಡು ನಂಬರಿನ ರಿಮೋಟ್ ಬಂತು. ಚಾನಲ್ ಆಗಲೂ ಒಂದೇ. ಇದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಒಂದನ್ನು ಒತ್ತಿದರೆ ದೂರದರ್ಶನ, ಎರಡರಿಂದ ಹನ್ನೆರಡರವರೆಗೆ ಏನು ಒತ್ತಿದರೂ ಬರೀ ಇರುವೆ. ಪರದೆ ತುಂಬ ಬಿಳಿ ಕಪ್ಪು ಇರುವೆ ಮುತ್ತಿಕೊಂಡು ಸುಯ್ಯ್ ಅಂತ ಸದ್ದು. ಆದರೂ ನಾನೂ ತಂಗಿಯೂ ಮನೆಯಲ್ಲಿ ಯಾರೂ ಇಲ್ಲದಾಗ ಎರಡು, ಮೂರು, ನಾಲ್ಕು ಅಂತ ವರಸೆಯಾಗಿ ಒತ್ತಿ ನೋಡುತ್ತಿದ್ದೆವು. ಏಳರ ಇರುವೆಗಿಂತ ಒಂಬತ್ತರ ಇರುವೆ ದಪ್ಪ ಅಂತ ಅವಳ ವಾದ. ಯಾವುದೋ ಒಂದರಲ್ಲಿ ಏನೋ ಇರಬಹುದು, ಕಂಪನಿಯವರು ಸುಮ್ನೆ ಹನ್ನೆರಡು ಬಟನ್ ಕೊಡುತ್ತಾರಾ ಅನ್ನೋದು ನನ್ನ ಆಸೆ.

ಹಾಗಾದರೆ ಆ ರಿಮೋಟಿಗೆ ಇದ್ದ ಕೆಲಸವಾದರೂ ಏನು? ಅದು ಬಟನ್‌ಗಳಲ್ಲೇ ಬರೆದಿದೆ. ನಂಬರ್‌ಗಳೆಲ್ಲ ಅಚ್ಚು ಹಾಕಿದ ಹಾಗೇ ಇವೆ. ಕೆಂಪು ಪವರ್ ಬಟನ್ ಸ್ವಲ್ಪ ಮಾಸಿದೆ. ವಾಲ್ಯೂಮ್ ಹೆಚ್ಚಿಸುವ ಬಟನ್ ಪರವಾಗಿಲ್ಲ. ಪಕ್ಕದ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಮಾತ್ರ ನುಣ್ಣಗಾಗಿ, ಮೇಲಿನ ಮೈನಸ್ ಗೆರೆ ಪೂರಾ ಅಳಿಸಿ, ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದಿದೆ.

ಅದು ಅಪ್ಪನ ಹೆಬ್ಬೆರಳು. ಹೈಸ್ಕೂಲ್ ಮೇಷ್ಟ್ರು. ಟಿವಿ ಎದುರಿಗೇ ಕೂತು ಪೇಪರ್ ತಿದ್ದುವರು. ಅವರಿಗೆ ಟಿವಿ ಓಡುತ್ತಿರಬೇಕು, ಸದ್ದು ಮಾಡಬಾರದು. ವಾರ್ತೆಗೆ ಇಷ್ಟು, ನಾಟಕಕ್ಕೆ ಇಷ್ಟು ಅಂತ ಅವರದೇ ಅಳತೆ. ಜಾಹೀರಾತು ಬಂತೋ, ತಲೆ ಎತ್ತದೆ, ಎಡಗೈಯಲ್ಲಿ ರಿಮೋಟ್ ಹಿಡಿದು ಸೊನ್ನೆ ಬರುವ ತನಕ ಒತ್ತಿಕೊಂಡೇ ಇರುವರು. ಮ್ಯೂಟ್ ಅಂತ ಬೇರೆ ಬಟನ್ನೇ ಇತ್ತು. ಎಷ್ಟು ಸಲ ತೋರಿಸಿಕೊಟ್ಟರೂ ಅದನ್ನು ಮುಟ್ಟಲಿಲ್ಲ. 'ಒಂದೇ ಸಲಕ್ಕೆ ನಿಂತ್ರೆ ಕೆಟ್ಟೋಯ್ತೇನೋ ಅನ್ಸುತ್ತೆ ಕಣೋ' ಅನ್ನುವರು. ಆ ಮ್ಯೂಟ್ ಬಟನ್ ಇವತ್ತಿಗೂ ಹೊಚ್ಚ ಹೊಸದು.

ಅಪ್ಪನಿಗೆ ಗೊತ್ತಿರಲಿಲ್ಲ, ರಿಮೋಟ್ ಅನ್ನೋದು ಬೆಳೆದದ್ದೇ ಅವರಂಥ ಒಬ್ಬರ ಸಿಟ್ಟಿನಿಂದ. ಅಮೆರಿಕದ ಜೆನಿತ್ ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಟಿವಿ ಜಾಹೀರಾತು ಕಂಡರೆ ಆಗುತ್ತಿರಲಿಲ್ಲ. ಕೂತಲ್ಲಿಂದಲೇ ಅವುಗಳ ಬಾಯಿ ಮುಚ್ಚಿಸಲು ಏನಾದರೂ ಮಾಡಿ ಅಂತ ತನ್ನ ಎಂಜಿನಿಯರ್‌ಗಳ ಬೆನ್ನು ಹತ್ತಿದ. 1950ರಲ್ಲಿ ಒಂದು ವೈರ್ ರಿಮೋಟ್ ಬಂತು. ಜನ ಆ ವೈರಿಗೆ ಎಡವಿದರು. 1955ರಲ್ಲಿ ಯೂಜೀನ್ ಪಾಲಿ ಅನ್ನುವ ಎಂಜಿನಿಯರ್ ವೈರ್ ಇಲ್ಲದ್ದನ್ನು ಮಾಡಿದರು. ಪಿಸ್ತೂಲಿನ ಆಕಾರದ ಒಂದು ಟಾರ್ಚು. ಪರದೆಯ ನಾಲ್ಕು ಮೂಲೆಯಲ್ಲಿ ಬೆಳಕು ಗುರುತಿಸುವ ಕಣ್ಣು, ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ. ಬಿಸಿಲು ಬಿದ್ದರೆ ಟಿವಿ ತಾನೇ ಚಾನಲ್ ಬದಲಾಯಿಸಿಕೊಳ್ಳುತ್ತಿತ್ತಂತೆ.

ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಒಳಗೆ ನಾಲ್ಕು ಅಲ್ಯೂಮಿನಿಯಂ ಕಡ್ಡಿ, ಒಂದೊಂದಕ್ಕೆ ಒಂದೊಂದು ಪುಟ್ಟ ಸುತ್ತಿಗೆ. ಬಟನ್ ಒತ್ತಿದರೆ ಸುತ್ತಿಗೆ ಕಡ್ಡಿಗೆ ಹೊಡೆಯುತ್ತದೆ, ಮನುಷ್ಯರ ಕಿವಿಗೆ ಕೇಳದಷ್ಟು ತಾರಕದ ಸದ್ದು ಹೊರಡುತ್ತದೆ, ಟಿವಿ ಅದನ್ನು ಕೇಳಿಸಿಕೊಳ್ಳುತ್ತದೆ. ಜಲತರಂಗದ ಬಟ್ಟಲಿದ್ದ ಹಾಗೆ, ಒಂದೊಂದು ಕಡ್ಡಿಗೆ ಒಂದೊಂದು ಸ್ವರ. ಸೆಲ್ ಬೇಡವೇ ಬೇಡ. ಹಾಗೆ ಮಾಡಿದ್ದಕ್ಕೆ ಕಾರಣವೂ ಇತ್ತು. ಸೆಲ್ ಮುಗಿದರೆ ಜನ ಟಿವಿಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ ಅನ್ನೋದು ಮಾರಾಟದವರ ಹೆದರಿಕೆ. ಬೀಗದ ಕೈ ಗೊಂಚಲು ಕುಲುಕಿದರೂ ಚಾನಲ್ ಬದಲಾಗುವುದಿತ್ತು, ಆ ಮಾತು ಬೇರೆ.

ಮಾರಾಟದವರ ಹೆದರಿಕೆ ಸುಳ್ಳಲ್ಲ. ನಮ್ಮ ಅಂಗಡಿಗೆ ಒಂದು ಸಲ ಒಬ್ಬರು ಇಪ್ಪತ್ತೊಂದು ಇಂಚಿನ ಟಿವಿಯನ್ನು ಆಟೋದಲ್ಲಿ, ಎರಡೂ ಕಡೆಯಿಂದ ಇಬ್ಬರು ತಬ್ಬಿ ಹಿಡಿದು ತಂದರು. ಆನ್ ಆಗ್ತಾ ಇಲ್ಲ ಅಂದರು. ಯಜಮಾನರು ಟಿವಿ ಕಡೆ ತಿರುಗಿಯೂ ನೋಡದೆ, 'ರಿಮೋಟ್ ತಂದಿದೀರಾ ಸಾರ್?' ಅಂತ ಕೇಳಿ, ಎರಡು ಹೊಸ ಪೆನ್ಸಿಲ್ ಸೆಲ್ ಹಾಕಿ ಒತ್ತಿದರು. ಟಿವಿ ಬಂತು. ಅವರ ಮುಖ ನೋಡಬೇಕಿತ್ತು. ರಿಪೇರಿ ದುಡ್ಡು ಬೇಡ ಅಂದರೂ ಕೇಳದೆ ಹತ್ತು ರೂಪಾಯಿ ಟೇಬಲ್ ಮೇಲಿಟ್ಟು ಹೋದರು. ಆಟೋದವನಿಗೆ ಮತ್ತೆ ವಾಪಸ್ ಬಾಡಿಗೆ.

ನಮ್ಮ ಮನೆಯಲ್ಲಂತೂ ಸೆಲ್ ವಿಷಯದಲ್ಲಿ ಅಮ್ಮನ ಕಾನೂನು ನಡೆಯುತ್ತಿತ್ತು. ಹೊಸ ಸೆಲ್ ಮೊದಲು ರಿಮೋಟಿಗೆ. ಅಲ್ಲಿ ಸೊರಗಿದ ಮೇಲೆ ಗೋಡೆ ಗಡಿಯಾರಕ್ಕೆ. ಅದು ಜಿಪುಣತನ ಅಂದುಕೊಂಡಿದ್ದೆ. ಓದಿದ ಮೇಲೆ ಗೊತ್ತಾಯಿತು, ಅಮ್ಮನ ಲೆಕ್ಕ ಸರಿ. ರಿಮೋಟ್ ಒತ್ತಿದಾಗೆಲ್ಲ ಒಮ್ಮೆಗೇ ಜೋರಾಗಿ ಕರೆಂಟ್ ಎಳೆಯುತ್ತದೆ, ಗಡಿಯಾರ ಚೂರೇ ಚೂರು ನೆಕ್ಕುತ್ತದೆ. ರಿಮೋಟಿಗೆ ಸತ್ತ ಸೆಲ್ ಗಡಿಯಾರವನ್ನು ಇನ್ನೂ ತಿಂಗಳುಗಟ್ಟಲೆ ಓಡಿಸುತ್ತದೆ. ನಡುವೆ ಸೆಲ್ಲನ್ನು ಹಲ್ಲಲ್ಲಿ ಕಚ್ಚುವುದು, ಬಿಸಿಲಿಗೆ ಇಡುವುದು, ಅಂಗೈ ಮೇಲೆ ರಿಮೋಟನ್ನು ಪಟಪಟ ಬಡಿಯುವುದು ಎಲ್ಲ ಇತ್ತು. ಯಾರ ಮನೇಲಿ ಇರಲಿಲ್ಲ ಹೇಳಿ?

ಬಡಿಯುವುದಕ್ಕೂ ಬೀಳಿಸುವುದಕ್ಕೂ ವ್ಯತ್ಯಾಸ ಇದೆ. ಆ ಮೊದಲ ರಿಮೋಟ್ ಸತ್ತದ್ದು 1992ರಲ್ಲಿ. ವಿಶ್ವಕಪ್ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ನಡೆದಿತ್ತಲ್ಲ, ನಮಗೆ ಬೆಳಗಿನ ಜಾವವೇ ಮ್ಯಾಚು. ಎಲ್ಲರೂ ಮಲಗಿದ್ದಾಗ ಲೈಟ್ ಹಾಕದೆ ಟಿವಿ ಹಚ್ಚಿದೆ. ಹಿಂದಿನ ರಾತ್ರಿ ಯಾರೋ ಸದ್ದು ಜಾಸ್ತಿ ಮಾಡಿಟ್ಟಿದ್ದರು. ಪ್ರೇಕ್ಷಕರ ಗದ್ದಲ ಮನೆ ತುಂಬಿತು. ಕತ್ತಲಲ್ಲಿ ತಡಕಾಡಿ ವಾಲ್ಯೂಮ್ ತಗ್ಗಿಸೋ ಆತುರದಲ್ಲಿ ರಿಮೋಟ್ ಕೈಜಾರಿ ರೆಡ್ ಆಕ್ಸೈಡ್ ನೆಲಕ್ಕೆ ಬಿತ್ತು. ಹೊರಗೆ ಒಂದು ಗೀರೂ ಇಲ್ಲ. ಆದರೆ ಅಲ್ಲಿಂದಾಚೆ ಅದು ಕೆಲಸ ಮಾಡಲಿಲ್ಲ. ಪಕ್ಕದ ಮನೆ ಬೆಕ್ಕು ಬೀಳಿಸಿತು ಅಂದೆ. ಅಪ್ಪ ಬೆಕ್ಕನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಸ್ವಲ್ಪ ದಿನ ತಾವೇ ಎದ್ದು ಹೋಗಿ ಟಿವಿಯ ಮೈಮೇಲಿನ ಬಟನ್ ಒತ್ತಿ ಸದ್ದು ತಗ್ಗಿಸಿ ಬರುತ್ತಿದ್ದರು. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಒಂದು ಶನಿವಾರ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಡೂಪ್ಲಿಕೇಟ್ ತಂದೆವು. ಅಲ್ಲಿನ ರಿಮೋಟ್ ಅಂಗಡಿಗಳನ್ನು ನೋಡಿದವರಿಗೆ ಗೊತ್ತು. ಬಾಳೆಗೊನೆ ತೂಗು ಹಾಕಿದ ಹಾಗೆ ಗೊಂಚಲು ಗೊಂಚಲು ರಿಮೋಟ್. ಅಂಗಡಿಯವನು ಟಿವಿ ಯಾವುದು ಅಂತ ಕೇಳುವುದಿಲ್ಲ, 'ಹಳೇದು ತಂದಿದೀರಾ?' ಅಂತಾನೆ. ಅದನ್ನು ಒಮ್ಮೆ ನೋಡಿ ಕೋಲಿನಿಂದ ಒಂದನ್ನು ಕೆಳಗೆ ಇಳಿಸುತ್ತಾನೆ. ಆಕಾರ ಬೇರೆ, ಬಣ್ಣ ಬೇರೆ, ಒಂದೆರಡು ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಆದರೆ ಟಿವಿ ಮಾತ್ರ ಹೇಳಿದ್ದು ಕೇಳುತ್ತದೆ.

ಡಬ್ಬದಲ್ಲಿದ್ದ ಎರಡನೆಯದು ಅದೇ, ರಬ್ಬರ್ ಬ್ಯಾಂಡಿನದು. ಅದರ ಮೈಮೇಲೆ ಬೇರೆಯೇ ಕಾಲ ಇದೆ. ನಮ್ಮ ಬೀದಿಗೆ ಕೇಬಲ್ ಬಂದದ್ದು 1993ರಲ್ಲಿ. ತೆಂಗಿನ ಮರದಿಂದ ಲೈಟ್ ಕಂಬಕ್ಕೆ, ಕಂಬದಿಂದ ನಮ್ಮ ಸಜ್ಜೆಗೆ ಕರೀ ವೈರು. ಕೇಬಲ್‌ನವನು ಬಂದು ಟಿವಿ ಮುಂದಿನ ಪುಟ್ಟ ಬಾಗಿಲು ತೆಗೆದ. ಒಳಗೆ ಹನ್ನೆರಡು ಸಣ್ಣ ಸಣ್ಣ ಗಾಲಿ. ನಾಲ್ಕು ವರ್ಷ ಆ ಬಾಗಿಲನ್ನು ಯಾರೂ ಮುಟ್ಟಿರಲಿಲ್ಲ. ಅವನು ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಗಾಲಿ ತಿರುಗಿಸುತ್ತಾ ಹೋದ ಹಾಗೆ ಎರಡರಲ್ಲಿ ಚಿತ್ರ ಬಂತು, ಮೂರರಲ್ಲಿ ಬಂತು, ನಾಲ್ಕರಲ್ಲಿ ಬಂತು. ಇರುವೆಗಳು ಒಂದೊಂದು ಮನೆಯಾಗಿ ಖಾಲಿ ಮಾಡಿಕೊಂಡು ಹೋದವು. ಒಂಬತ್ತಕ್ಕೆ ಬಂದಾಗ ತಂಗಿ ನನ್ನ ಮುಖ ನೋಡಿದಳು.

1994ರ ಜೂನ್‌ನಲ್ಲಿ ಉದಯ ಟಿವಿ ಶುರುವಾಯಿತು. ಅದು ನಮ್ಮ ಮನೆಯಲ್ಲಿ ಎಂಟರಲ್ಲಿ ಕೂತಿತು. ಅಲ್ಲಿಂದ ಆ ರಿಮೋಟ್ ಅಜ್ಜಿಯದು. ಅಜ್ಜಿಗೆ ಓದು ಬರಹ ಅಷ್ಟಕ್ಕಷ್ಟೇ, ಕಣ್ಣಲ್ಲಿ ಪೊರೆ ಬೇರೆ. ಆದರೂ ಎಂಟನ್ನು ಒಂದೇ ಸಲಕ್ಕೆ ಹುಡುಕುವರು. ಹೇಗೆ ಅಂತ ನನಗೆ ಗೊತ್ತಾಗಿದ್ದು ತುಂಬ ದಿನದ ಮೇಲೆ. ಐದರ ಮೇಲೆ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಇರುತ್ತದೆ, ಗಮನಿಸಿದ್ದೀರಾ? ಅಜ್ಜಿ ಬೆರಳಲ್ಲಿ ಆ ಕಾಳನ್ನು ಹುಡುಕಿ, ಅದರ ಕೆಳಗಿನದನ್ನು ಒತ್ತುವರು. ಒತ್ತುವಾಗ ಕೈಯನ್ನು ಪೂರ್ತಿ ಮುಂದೆ ಚಾಚಿ, ಮಂಗಳಾರತಿ ಎತ್ತುವ ಹಾಗೆ ಒಂದು ಸುತ್ತು ಸುಳಿಸುವರು. ಹಾಗೆ ಮಾಡದಿದ್ದರೆ ಟಿವಿಗೆ ಗೊತ್ತಾಗಲ್ಲ ಅನ್ನೋದು ಅವರ ನಂಬಿಕೆ. ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ಕೊಳೆಯಾಗದಂತೆ ಅಮ್ಮ ಕಾಪಾಡಿದ್ದರು. ಎಂಟರ ಜಾಗದಲ್ಲಿ ಆ ಕವರ್ ಅಜ್ಜಿಯ ಉಗುರಿನ ಆಕಾರಕ್ಕೆ, ಅರ್ಧಚಂದ್ರದ ಹಾಗೆ ಹರಿದಿದೆ. ಕವರ್ ಈಗಲೂ ಅದರ ಮೇಲೇ ಇದೆ. ನಾನು ಅದನ್ನು ತೆಗೆದು ಒರೆಸಲು ಹೋಗಲಿಲ್ಲ.

ಮೂರನೆಯದು ವಿಸಿಆರ್‌ನದು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಮೊಟ್ಟಮೊದಲು ನೋಡಿದ ರಿಮೋಟ್ ನಮ್ಮ ಮನೆಯದಲ್ಲ, ಗಣೇಶನ ಹಬ್ಬದ್ದು. 1985 ಇರಬೇಕು. ಬೀದಿಯಲ್ಲಿ ಗಣಪತಿ ಕೂರಿಸಿ, ಚಂದಾ ಎತ್ತಿ, ರಾತ್ರಿ ವಿಡಿಯೋ ಹಾಕಿಸುವರು. ಕೈಗಾಡಿಯಲ್ಲಿ ಕಲರ್ ಟಿವಿ, ಡೆಕ್ಕು, ಮೂರು ಸಿನಿಮಾದ ಕ್ಯಾಸೆಟ್ಟು. ವಿಡಿಯೋದವನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ವೈರಿರುವ ಒಂದು ರಿಮೋಟನ್ನು ತೊಡೆ ಮೇಲಿಟ್ಟುಕೊಂಡು ಕೂರುವನು. ಅದನ್ನು ಯಾರ ಕೈಗೂ ಕೊಡ. ಆ ವೈರು ನಮ್ಮ ಮಧ್ಯೆ ಹಾದುಹೋಗುತ್ತಿತ್ತು, ಕಾಲು ತಗಲಿದರೆ ಗದರುವನು. ಅವನ ಕಷ್ಟವೂ ಅರ್ಥವಾಗುವಂಥದ್ದೇ. ಬೆಳಗಾಗುವುದರೊಳಗೆ ಮೂರು ಸಿನಿಮಾ ಮುಗಿಸಿ, ಗಾಡಿ ಕಟ್ಟಿ ಹೊರಡಬೇಕು. ಹಾಗಾಗಿ ಎರಡನೇ ಸಿನಿಮಾ ಹೊತ್ತಿಗೆ ಹಾಡುಗಳನ್ನು ಓಡಿಸಲು ಶುರುಮಾಡುವನು. ಹೀರೋ ಹೀರೋಯಿನ್ ಕೀ ಕೊಟ್ಟ ಗೊಂಬೆಗಳ ಥರ ಮರ ಸುತ್ತುವರು. 'ಏ, ಹಾಡು ಓಡಿಸ್ಬೇಡ ಕಣಯ್ಯ' ಅಂತ ಹಿಂದಿನಿಂದ ಹೆಂಗಸರ ಕೂಗು. ಅವನು ಕೇಳಿಸದವನ ಹಾಗೆ ಕೂರುವನು. ಇಡೀ ಬೀದಿಯ ರಾತ್ರಿಯನ್ನು ಒಬ್ಬ ಮನುಷ್ಯ ಒಂದು ಬೆರಳಲ್ಲಿ ಬೇಗ ಬೇಗ ಮುಗಿಸುತ್ತಿದ್ದ.

ಕೇಬಲ್ ಬಂದ ಮೇಲೆ ವಿಡಿಯೋ ಲೈಬ್ರರಿಗಳು ಬಾಗಿಲು ಹಾಕಿದವು. ಹಾಗೆ ಮುಚ್ಚಿದ ಒಂದರಿಂದ ಅಪ್ಪ ಒಂದು ಹಳೇ ವಿಸಿಆರ್ ಅಗ್ಗಕ್ಕೆ ತಂದರು. ಇದರ ರಿಮೋಟಿಗೆ ವೈರ್ ಇರಲಿಲ್ಲ. ತಂದದ್ದು ಸಿನಿಮಾ ನೋಡಲಿಕ್ಕಲ್ಲ, ಅಕ್ಕನ ಮದುವೆ ಕ್ಯಾಸೆಟ್ ನೋಡಲಿಕ್ಕೆ. ಯಾರು ಮನೆಗೆ ಬಂದರೂ ಕ್ಯಾಸೆಟ್ ಹಾಕುವುದು. 'ನಿಲ್ಸು ನಿಲ್ಸು, ಅದು ಯಾರು ಹಸಿರು ಸೀರೆ?' 'ಹಿಂದಕ್ಕೆ ತಿರುಗ್ಸು, ನಮ್ಮ ಭಾವ ಬಂದ್ರು ಅನ್ಸುತ್ತೆ.' ಆ ರಿಮೋಟಿನಲ್ಲಿ ಸವೆದಿರುವುದು ಎರಡೇ ಬಟನ್, ಪಾಸ್ ಮತ್ತು ರಿವೈಂಡ್. ಪಾಸ್ ಮಾಡಿದರೆ ಟೇಪ್ ನಿಲ್ಲುತ್ತದೆಯೇ ಹೊರತು ಟೇಪಿನಿಂದ ಚಿತ್ರ ಓದುವ ಒಳಗಿನ ಹೆಡ್ ನಿಲ್ಲುವುದಿಲ್ಲ. ನಮ್ಮ ಕಡೆಯ ವಿಸಿಆರ್‌ಗಳಲ್ಲಿ ಅದು ನಿಮಿಷಕ್ಕೆ 1500 ಸುತ್ತು ಸುತ್ತುತ್ತಾ ಟೇಪಿನ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಅದಕ್ಕೇ ಐದು ನಿಮಿಷ ಆಗುವಷ್ಟರಲ್ಲಿ ವಿಸಿಆರ್ ತಾನೇ ಪಾಸ್ ಬಿಟ್ಟುಬಿಡುತ್ತಿತ್ತು. ಅಮ್ಮ ಮತ್ತೆ ಒತ್ತುವರು. ಅಮ್ಮ ನಿಲ್ಲಿಸುತ್ತಿದ್ದದ್ದು ಧಾರೆ ಎರೆಯುವ ಹೊತ್ತಿಗೆ. ಕಡೆಕಡೆಗೆ ಆ ಜಾಗದಲ್ಲಿ ಪಾಸ್ ಮಾಡದಿದ್ದರೂ ಬಿಳಿ ಗೀರುಗಳು ಬರುತ್ತಿದ್ದವು. ಅಕ್ಕನ ಧಾರೆ ಮಳೆಯಲ್ಲಿ ಆದ ಹಾಗೆ.

ನಾಲ್ಕನೆಯದು ಆಮೇಲಿನ ಸೆಟ್‌ಟಾಪ್ ಬಾಕ್ಸಿನದು. ಐವತ್ತು ಚಿಲ್ಲರೆ ಬಟನ್. ಹೇಳುವಂಥದ್ದು ಏನಿಲ್ಲ.

ಅಷ್ಟು ಹೊತ್ತಿಗೆ ನನ್ನ ಕೈ ಸುಮ್ಮನಿರಲಿಲ್ಲ. ಮೊದಲ ರಿಮೋಟಿನ ಸ್ಕ್ರೂ ಬಿಚ್ಚಿದೆ. ಒಳಗೆ ಹಸಿರು ಬೋರ್ಡು, ಮೇಲೆ ರಬ್ಬರ್ ಹಾಳೆ, ಹಾಳೆಯ ಅಡಿಯಲ್ಲಿ ಒಂದೊಂದು ಬಟನ್‌ಗೆ ಒಂದೊಂದು ಕಪ್ಪು ಕಾರ್ಬನ್ ಬಿಲ್ಲೆ. ಬಟನ್ ಒತ್ತಿದರೆ ಬಿಲ್ಲೆ ಬೋರ್ಡಿಗೆ ತಾಗಬೇಕು, ಅಷ್ಟೇ. ಪಕ್ಕದಲ್ಲಿ ಎರಡು ಕಾಲಿನ ಒಂದು ಪುಟ್ಟ ತುಂಡು, ರಿಮೋಟಿಗೆ ತಾಳ ಹಾಕಿಕೊಡುವ ರೆಸೊನೇಟರ್. ಬಿದ್ದರೆ ಒಡೆಯುವುದು ಇದೇ, ಒಳಗಿರುವುದು ಪಿಂಗಾಣಿ. ಇದರ ಮೇಲೆ 455 ಅಂತ ಇತ್ತು. ಹಳೇ ರೇಡಿಯೋ ರಿಪೇರಿ ಮಾಡಿದವರಿಗೆ ಈ ನಂಬರ್ ಮರೆಯೋದಿಲ್ಲ. ಮೀಡಿಯಂ ವೇವ್ ರೇಡಿಯೋಗಳ ಒಳಗೆ ಓಡುವುದೂ ಅದೇ 455 ಕಿಲೋಹರ್ಟ್ಜ್. ರೇಡಿಯೋದಿಂದಾಗಿ ಈ ತುಂಡು ಎಲ್ಲ ಕಡೆ ಅಗ್ಗಕ್ಕೆ ಸಿಗುತ್ತಿತ್ತು. 455ನ್ನು ಹನ್ನೆರಡರಿಂದ ಭಾಗಿಸಿದರೆ ಹೆಚ್ಚುಕಮ್ಮಿ 38. ರಿಮೋಟಿನ ಕಣ್ಣಿಗೆ ಕಾಣದ ಬೆಳಕು ಸೆಕೆಂಡಿಗೆ 38 ಸಾವಿರ ಸಲ ಮಿಣುಕುವುದು ಈ ಲೆಕ್ಕದಲ್ಲೇ. ನಮ್ಮ ಅಂಗಡಿಯಲ್ಲಿ ರಿಮೋಟ್ ಪರೀಕ್ಷೆ ಮಾಡುತ್ತಿದ್ದದ್ದೂ ರೇಡಿಯೋದಿಂದ. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಪಕ್ಕದಲ್ಲಿ ರಿಮೋಟ್ ಒತ್ತಿದರೆ ರೇಡಿಯೋ ಟರ್ರ್ ಟರ್ರ್ ಅನ್ನಬೇಕು. ಅಂದರೆ ಜೀವ ಇದೆ ಅಂತ.

ಗುಜರಿ ಬೋರ್ಡ್ ಒಂದರಿಂದ ಅಂಥದ್ದೇ ರೆಸೊನೇಟರ್ ಕಿತ್ತು ಬೆಸುಗೆ ಹಾಕಿದೆ. ಎರಡು ಸೆಲ್ ಹುಡುಕಿ ಹಾಕಿದೆ. ರಿಮೋಟಿನ ಮೂತಿಗೆ ಫೋನಿನ ಮುಂದಿನ ಕ್ಯಾಮೆರಾ ಹಿಡಿದು ಒಂದನ್ನು ಒತ್ತಿದೆ. ಪರದೆಯಲ್ಲಿ ನೇರಳೆ ಬಣ್ಣದ ಮಿಣುಕು. ಮೂವತ್ತು ವರ್ಷದ ಮೇಲೆ! ಎರಡು, ಮೂರು, ನಾಲ್ಕು ಅಂತ ಹನ್ನೆರಡರ ತನಕ ವರಸೆಯಾಗಿ ಒತ್ತಿದೆ. ಎಲ್ಲವೂ ಮಿಣುಕಿದವು. ಮ್ಯೂಟ್ ಮಿಣುಕಿತು. ವಾಲ್ಯೂಮ್ ಮೈನಸ್ ಮಾತ್ರ ಇಲ್ಲ. ತೆಗೆದು ನೋಡಿದರೆ ಅದರ ಬಿಲ್ಲೆಯಲ್ಲಿ ಕಾರ್ಬನ್ನೇ ಉಳಿದಿಲ್ಲ, ಬರೀ ಬೂದು ರಬ್ಬರ್. ಚಾಕಲೇಟ್ ಸುತ್ತುವ ಬೆಳ್ಳಿ ಕಾಗದವನ್ನು ಬಿಲ್ಲೆಯಷ್ಟೇ ಗುಂಡಗೆ ಕತ್ತರಿಸಿ ಅಂಟಿಸಿ, ಒಣಗುವ ತನಕ ಕಾದು, ಮತ್ತೆ ಜೋಡಿಸಿ ಒತ್ತಿದೆ. ಮಿಣುಕಿತು. ಬಿಡದೆ ಒತ್ತಿ ಹಿಡಿದೆ, ಸೊನ್ನೆ ಬರುವ ತನಕ ಅಪ್ಪ ಹಿಡಿಯುತ್ತಿದ್ದ ಹಾಗೆ.

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

'ಅದ್ಯಾವ ಟಿವಿಗೋ?'

'ಯಾವುದಕ್ಕೂ ಅಲ್ಲ. ಸುಮ್ನೆ ನೋಡ್ದೆ. ಅಮ್ಮ, ಇದನ್ನ ಅವತ್ತು ಬೀಳ್ಸಿದ್ದು ಬೆಕ್ಕಲ್ಲ, ನಾನೇ.'

'ಗೊತ್ತು. ಬೆಕ್ಕು ಟಿವಿ ಹಾಕ್ಕೊಂಡು ಮ್ಯಾಚ್ ನೋಡ್ತಿತ್ತಾ?' ಅಂದರು. ಗೋಡೆ ಕಡೆ ನೋಡಿದರು. ಗಡಿಯಾರ ಹತ್ತೂವರೆಗೆ ನಿಂತಿತ್ತು. 'ಅಲ್ವೋ, ಅದರ ಸೆಲ್ ಕಿತ್ತು ಈ ಡಬ್ಬಕ್ಕೆ ಹಾಕಿದೀಯಲ್ಲ. ಮೊದ್ಲು ಅಲ್ಲಿಗೆ ಹಾಕು.'

ಒಂದನ್ನು ತೆಗೆದು ಗಡಿಯಾರಕ್ಕೆ ಹಾಕಿದೆ. ಫೋನ್ ನೋಡಿ ಮುಳ್ಳು ಸರಿ ಮಾಡಿದೆ.